ಕಡ್ಡಿ ಬದಲಿಸುವ ಹೆಣಿಗೆ ಸೆಟ್ ನಿಮಗೆ ಬೇಕೇ? ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

ಹೆಣಿಗೆ ಹಿಡಿದವರ ಕಣ್ಣಿಗೆ ಒಂದಲ್ಲ ಒಂದು ದಿನ ಇಂಟರ್‌ಚೇಂಜೆಬಲ್ ಕಡ್ಡಿಗಳ ಸೆಟ್ ಬಿದ್ದೇ ಬೀಳುತ್ತದೆ. ಚೆಂದದ ಪೆಟ್ಟಿಗೆ, ಒಳಗೆ ದಪ್ಪದ ಪ್ರಕಾರ ಸಾಲಾಗಿ ಕೂರಿಸಿದ ಕಡ್ಡಿಗಳು, ಪಕ್ಕದಲ್ಲಿ ಸುರುಳಿ ಸುತ್ತಿದ ಕೇಬಲ್‌ಗಳು. ನೋಡಿದ ಕೂಡಲೇ ಬೇಕು ಅನ್ನಿಸುತ್ತದೆ, ಬೆಲೆ ನೋಡಿದರೆ ಕೈ ಹಿಂದೆ ಸರಿಯುತ್ತದೆ. ಆಸೆಯನ್ನೂ ಅಂಜಿಕೆಯನ್ನೂ ಸ್ವಲ್ಪ ಬದಿಗಿಟ್ಟು, ನೀವು ನಿಜವಾಗಿ ಏನು ಹೆಣೆಯುತ್ತೀರಿ ಎಂಬುದರ ಮೇಲೆ ತೀರ್ಮಾನ ಮಾಡುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ವ್ಯವಸ್ಥೆ ಬಹಳ ಜನರಿಗೆ ಉಪಯೋಗಕ್ಕೆ ಬರುತ್ತದೆ, ಪೂರ್ತಿ ಸೆಟ್ ಬೇಕಾಗುವವರು ಮಾತ್ರ ಕಡಿಮೆ.

ಹೊಸಬರಿಗಾಗಿ ಒಂದು ಮಾತು. ಮಾಮೂಲಿ ಸರ್ಕ್ಯುಲರ್ ಕಡ್ಡಿಯಲ್ಲಿ ಎರಡು ಗಿಡ್ಡ ಕಡ್ಡಿಗಳ ನಡುವೆ ಒಂದು ಕೇಬಲ್ ಕಾಯಂ ಆಗಿ ಅಂಟಿಕೊಂಡಿರುತ್ತದೆ. ಇಂಟರ್‌ಚೇಂಜೆಬಲ್‌ನಲ್ಲಿ ಅದೇ ಕೇಬಲ್ಲನ್ನು ಬಿಚ್ಚಿ ಬೇರೆ ದಪ್ಪದ ಕಡ್ಡಿಗೋ, ಅದೇ ಕಡ್ಡಿಯನ್ನು ಬೇರೆ ಉದ್ದದ ಕೇಬಲ್ಲಿಗೋ ಜೋಡಿಸಬಹುದು. ಜೊತೆಗೆ ಕೇಬಲ್ಲಿನ ಕೊನೆಗೆ ಹಾಕುವ ಮುಚ್ಚಳಗಳು, ಎರಡು ಕೇಬಲ್‌ಗಳನ್ನು ಒಂದು ಮಾಡುವ ಕನೆಕ್ಟರ್, ಬಿಗಿಮಾಡಲು ಒಂದು ಪುಟ್ಟ ಕೀ ಇರುತ್ತವೆ.

1. ಹೆಣೆದದ್ದರ ಪಟ್ಟಿ ಮಾಡಿ, ಹೆಣೆಯಬೇಕೆಂದಿರುವುದರದ್ದಲ್ಲ

ಒಂದು ಹಾಳೆಯಲ್ಲಿ ನೀವು ಈಚೆಗೆ ಮುಗಿಸಿದ ವಸ್ತುಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಎದುರಿಗೆ ಮೂರು ವಿಷಯ: ಯಾವ ದಪ್ಪದ ಕಡ್ಡಿ, ಎಷ್ಟು ಉದ್ದದ್ದು, ಮಟ್ಟಸವಾಗಿ (ಸಾಲು ಮುಗಿದಾಗ ತಿರುಗಿಸಿಕೊಂಡು) ಹೆಣೆದದ್ದೋ ಸುತ್ತಾಗಿ (ತಿರುಗಿಸದೆ, ಕೊಳವೆಯಂತೆ) ಹೆಣೆದದ್ದೋ. ಮುಂದೆ ಲೇಸ್ ಶಾಲು ಹಾಕಬೇಕು, ಮನೆಮಂದಿಗೆಲ್ಲ ಸ್ವೆಟರ್ ಹಾಕಬೇಕು ಎಂಬ ಕನಸುಗಳನ್ನು ಈ ಹಾಳೆಗೆ ತರಬೇಡಿ. ಪೆಟ್ಟಿಗೆಯಲ್ಲಿ ಮುಟ್ಟದೆ ಉಳಿಯುವ ಕಡ್ಡಿಗಳೆಲ್ಲ ಅಂಥ ಕನಸುಗಳಿಗಾಗಿಯೇ ಕೊಂಡವು.

ಪಟ್ಟಿಯಲ್ಲಿ ಮಫ್ಲರ್, ಕಂಬಳಿಯ ಚೌಕಗಳು, ಮಗುವಿನ ಹೊದಿಕೆ ಇಂಥವೇ ತುಂಬಿದ್ದರೆ ನಿಮಗೆ ಈ ವ್ಯವಸ್ಥೆಯ ಅಗತ್ಯವಿಲ್ಲ. ಮಟ್ಟಸ ಹೆಣಿಗೆಗೆ ಕೇಬಲ್ ಉದ್ದ ಹೆಚ್ಚಿದ್ದರೂ ಅಡ್ಡಿಯಿಲ್ಲ. ಒಂದು 100 ಸೆಂ.ಮೀ. ಸರ್ಕ್ಯುಲರ್ ಕಡ್ಡಿಯಲ್ಲಿ ಇಪ್ಪತ್ತು ಕುಣಿಕೆಯನ್ನೂ ಹೆಣೆಯಬಹುದು, ಮುನ್ನೂರನ್ನೂ ಹೆಣೆಯಬಹುದು. ಲೇಸ್ ಶಾಲಿನವರೂ ಇದೇ ಗುಂಪಿಗೆ ಸೇರಿದವರು ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಕತ್ತಿನಿಂದ ಶುರುವಾಗುವ ತ್ರಿಕೋನ ಶಾಲು ಕೈಬೆರಳೆಣಿಕೆಯ ಕುಣಿಕೆಗಳಿಂದ ಹಿಡಿದು ನೂರಾರಕ್ಕೆ ಬೆಳೆದರೂ ಅದು ಮಟ್ಟಸ ಹೆಣಿಗೆಯೇ. ಚೂಪು ತುದಿಯ ಒಂದು ಉದ್ದ ಕಡ್ಡಿ ಅಷ್ಟಕ್ಕೂ ಸಾಕು.

ಪಟ್ಟಿ ತುಂಬ ಸಾಕ್ಸೇ ಇದ್ದರೂ ಉತ್ತರ ಬೇಡ ಎಂದೇ. ಸಾಕ್ಸಿಗೆ ಬೇಕಾದದ್ದು ಹೆಚ್ಚಾಗಿ 2ರಿಂದ 2.75 ಮಿ.ಮೀ. ಕಡ್ಡಿ. ಅಷ್ಟು ಸಣ್ಣ ಕಡ್ಡಿಯೊಳಗೆ ಕೂರುವ ತಿರುಪು ಇನ್ನೂ ಸಣ್ಣದಾಗಿರಬೇಕು. ಹಾಗಾಗಿ ಈ ಅಳತೆಯಲ್ಲಿ ಜೋಡಣೆಯ ಜಾಗವೇ ಬೇಗ ಸೋಲುತ್ತದೆ. ಅನೇಕ ಸೆಟ್‌ಗಳು 3 ಅಥವಾ 3.5 ಮಿ.ಮೀ.ನಿಂದಲೇ ಶುರುವಾಗುವುದಕ್ಕೆ ಇದೂ ಒಂದು ಕಾರಣ. ಸಣ್ಣ ಅಳತೆಯ ಸೆಟ್‌ಗಳನ್ನೂ ಮಾಡುವ ಕಂಪನಿಗಳಿವೆ, ಆದರೆ ಸಾಕ್ಸಿಗೆ ಕಾಯಂ ಕೇಬಲ್ಲಿನ ಕಡ್ಡಿ ಅಥವಾ ಎರಡು ಕಡೆ ಚೂಪಿರುವ ಐದು ಕಡ್ಡಿಗಳ ಜೋಡಿಯೇ ಮೇಲು ಎಂಬುದು ನನ್ನ ನಂಬಿಕೆ.

ಇನ್ನು ಪಟ್ಟಿಯಲ್ಲಿ ಸುತ್ತಾಗಿ ಹೆಣೆದ ಸ್ವೆಟರ್, ಟೋಪಿ, ಬೇರೆ ಬೇರೆ ದಪ್ಪದ ನೂಲು ಕಂಡರೆ ಮುಂದೆ ಓದಿ.

2. ಒಂದು ಸ್ವೆಟರನ್ನು ಮನಸ್ಸಿನಲ್ಲೇ ಹೆಣೆದು ನೋಡಿ

ಈ ಕಡ್ಡಿಗಳ ನಿಜವಾದ ಪ್ರಯೋಜನ ತಿಳಿಯುವುದು ಕತ್ತಿನಿಂದ ಕೆಳಕ್ಕೆ ಹೆಣೆಯುವ ಸ್ವೆಟರಿನಲ್ಲಿ. ಪ್ಯಾಟರ್ನ್ 4 ಮಿ.ಮೀ. ಕಡ್ಡಿಯದು, ರಿಬ್‌ಗೆ (ಹಿಗ್ಗುವ ಅಂಚಿನ ಪಟ್ಟಿಗೆ) 3.5 ಎಂದಿಟ್ಟುಕೊಳ್ಳೋಣ.

ಕತ್ತಿನ ಪಟ್ಟಿ 3.5ರಲ್ಲಿ, 40 ಸೆಂ.ಮೀ. ಉದ್ದದಲ್ಲಿ. ಸುತ್ತು ಹೆಣಿಗೆಯಲ್ಲಿ ಕಡ್ಡಿಯ ಒಟ್ಟು ಉದ್ದ ಬಟ್ಟೆಯ ಸುತ್ತಳತೆಗಿಂತ ಹೆಚ್ಚಿರಕೂಡದು. ಹೆಚ್ಚಿದ್ದರೆ ಕುಣಿಕೆಗಳು ಎಳೆದುಕೊಂಡು ಒಂದರಿಂದೊಂದು ದೂರವಾಗುತ್ತವೆ. ಆಮೇಲೆ ಯೋಕ್, ಅಂದರೆ ಕತ್ತಿನಿಂದ ಕಂಕುಳವರೆಗಿನ ಭಾಗ, 4 ಮಿ.ಮೀ.ಗೆ ಬದಲಾವಣೆ. ಕುಣಿಕೆಗಳು ಹೆಚ್ಚಿದಂತೆ 60, ಆಮೇಲೆ 80 ಸೆಂ.ಮೀ. ಕಂಕುಳ ಹತ್ತಿರ ಬಂದಾಗ ಎರಡೂ ತೋಳಿನ ಕುಣಿಕೆಗಳನ್ನು ಪಕ್ಕಕ್ಕೆ ತೆಗೆದಿಡಬೇಕು. ಮೈ ಭಾಗ 80 ಅಥವಾ 100ರಲ್ಲಿ ಸಾಗುತ್ತದೆ. ಕೆಳಗಿನ ಅಂಚಿಗೆ ಮತ್ತೆ 3.5, ಅದೇ ಉದ್ದ. ತೋಳಿಗೆ ಉದ್ದ ಕೇಬಲ್ಲಿನಲ್ಲಿ ಮ್ಯಾಜಿಕ್ ಲೂಪ್ (ಹೆಚ್ಚಾದ ಕೇಬಲ್ಲನ್ನು ಕುಣಿಕೆಗಳ ನಡುವಿನಿಂದ ಹೊರಗೆಳೆದು ಸಣ್ಣ ಸುತ್ತು ಹೆಣೆಯುವ ಉಪಾಯ) ಹಾಕಬೇಕು, ಅದಕ್ಕೆ ಕನಿಷ್ಠ 80, ಕೈಗೆ ಹಾಯಾಗಿರಬೇಕೆಂದರೆ 100 ಸೆಂ.ಮೀ. ಮಣಿಕಟ್ಟಿನ ರಿಬ್ ಬಂದಾಗ ಮತ್ತೊಮ್ಮೆ 3.5.

ಇದಕ್ಕೆಲ್ಲ ಕಾಯಂ ಕಡ್ಡಿಗಳೇ ಆದರೆ 3.5ರಲ್ಲಿ ಎರಡು ಉದ್ದ, 4ರಲ್ಲಿ ಎರಡು ಮೂರು ಉದ್ದ, ಒಟ್ಟು ನಾಲ್ಕೈದು ಕಡ್ಡಿ ಬೇಕು. ಇಂಟರ್‌ಚೇಂಜೆಬಲ್‌ನಲ್ಲಿ ಎರಡು ಜೊತೆ ಕಡ್ಡಿ, ಮೂರು ಕೇಬಲ್. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಅಳತೆ ಬದಲಿಸುವಾಗ ಕುಣಿಕೆಗಳನ್ನು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟಿಸಬೇಕಾಗಿಲ್ಲ. ಕುಣಿಕೆಗಳು ಕೇಬಲ್ಲಿನ ಮೇಲೆ ಕುಳಿತಿರುತ್ತವೆ, ನೀವು ತುದಿ, ಅಂದರೆ ಬಿಚ್ಚುವ ಗಿಡ್ಡ ಕಡ್ಡಿ, ಮಾತ್ರ ಬದಲಿಸುತ್ತೀರಿ. ತೋಳಿನ ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸುವ ಬದಲು ಹೆಚ್ಚುವರಿ ಕೇಬಲ್ಲಿಗೆ ಹಾಕಿ ಎರಡೂ ಕೊನೆಗೆ ಮುಚ್ಚಳ ಬಿಗಿದರಾಯಿತು. ನಡುವೆ ಮೈಗೆ ಹಾಕಿ ನೋಡಬೇಕೆನ್ನಿಸಿದಾಗ ಕಡ್ಡಿ ಬಿಚ್ಚಿ, ಕನೆಕ್ಟರ್‌ನಿಂದ ಇನ್ನೊಂದು ಕೇಬಲ್ ಸೇರಿಸಿ ಕುಣಿಕೆಗಳನ್ನು ಅಗಲಿಸಿಕೊಂಡರೆ, ಒಂದು ಕುಣಿಕೆಯೂ ಜಾರದೆ ಸ್ವೆಟರ್ ತಲೆಯಿಂದ ಕೆಳಗಿಳಿಯುತ್ತದೆ.

ಇನ್ನೊಂದು ಉಪಯೋಗ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಬಿಗಿಮಾಡುವ ಕೀ ತೂರಿಸಲು ಕೇಬಲ್ಲಿನ ತುದಿಯಲ್ಲಿ ಒಂದು ಸಣ್ಣ ತೂತಿರುತ್ತದೆ. ಲೇಸ್ ಹೆಣೆಯುವಾಗ ಅದರಲ್ಲಿ ತೆಳು ದಾರ ಪೋಣಿಸಿಕೊಂಡು ಒಂದು ಸಾಲು ಹೆಣೆದರೆ ಆ ದಾರ ಎಲ್ಲ ಕುಣಿಕೆಗಳ ಮೂಲಕ ತಾನಾಗಿ ಹಾದುಹೋಗುತ್ತದೆ. ಆಮೇಲೆ ತಪ್ಪಾದರೆ ಅಲ್ಲಿಯವರೆಗೆ ಧೈರ್ಯವಾಗಿ ಬಿಚ್ಚಬಹುದು. ಮುಂದಿನ ಸಾಲು ಶುರುಮಾಡುವಾಗ ದಾರವನ್ನು ತೂತಿನಿಂದ ಬಿಡಿಸಿಕೊಳ್ಳಲು ಮರೆಯಬಾರದು, ಅಷ್ಟೇ.

3. ನಿಮ್ಮ ಕೈ ಬಿಗಿಯೋ ಸಡಿಲವೋ ನೋಡಿಕೊಳ್ಳಿ

ಪ್ಯಾಟರ್ನ್ 10 ಸೆಂ.ಮೀ.ಗೆ 22 ಕುಣಿಕೆ ಎನ್ನುತ್ತದೆ, ಸ್ವೆಟರಿಗೆ 198 ಕುಣಿಕೆ. ಎದೆಯ ಸುತ್ತಳತೆ 90 ಸೆಂ.ಮೀ. ಬರಬೇಕು. ನಿಮ್ಮ ಕೈ ಸ್ವಲ್ಪ ಸಡಿಲವಾಗಿ 20 ಕುಣಿಕೆ ಬಂದರೆ ಅದೇ 198 ಕುಣಿಕೆ 99 ಸೆಂ.ಮೀ. ಆಗುತ್ತದೆ. ಬಿಗಿಯಾಗಿ 24 ಬಂದರೆ 82.5ಕ್ಕೆ ಇಳಿಯುತ್ತದೆ. ಎರಡು ಕುಣಿಕೆಯ ವ್ಯತ್ಯಾಸ ಉಡುಪನ್ನೇ ಬೇರೆಯವರ ಮೈಗೆ ಹೊಲಿದಂತೆ ಮಾಡಿಬಿಡುತ್ತದೆ.

ಆದ್ದರಿಂದ ಗೇಜ್ (10 ಸೆಂ.ಮೀ.ಗೆ ಬರುವ ಕುಣಿಕೆಗಳ ಎಣಿಕೆ) ನೋಡಲು ಮಾದರಿ ತುಂಡು ಹೆಣೆಯುವಾಗ ಹತ್ತಿರ ಹತ್ತಿರದ ಅಳತೆಗಳು ಕೈಯಲ್ಲಿರಬೇಕು: 3.5, 3.75, 4, 4.5. ಪ್ಯಾಟರ್ನ್ ಹೇಳಿದ ಕಡ್ಡಿಯಲ್ಲೇ ನಿಮಗೆ ಯಾವಾಗಲೂ ಸರಿಯಾದ ಗೇಜ್ ಬರುತ್ತದೆ ಎಂದಾದರೆ ನೀವು ಅದೃಷ್ಟವಂತರು, ಈ ಕಾರಣಕ್ಕಾಗಿ ಸೆಟ್ ಕೊಳ್ಳಬೇಕಿಲ್ಲ. ಪ್ರತಿಸಲ ಒಂದು ಅಳತೆ ಮೇಲೋ ಕೆಳಗೋ ಹೋಗಬೇಕಾಗುವವರಿಗೆ ಬಿಡಿ ತುದಿಗಳು ನಿಜಕ್ಕೂ ವರ. ಒಂದೇ ತುಂಡಿನಲ್ಲಿ 4 ಮಿ.ಮೀ.ನಿಂದ ಒಂದಷ್ಟು ಹೆಣೆದು, ಗುರುತಿಗೆ ಒಂದು ಪರ್ಲ್ (ಉಲ್ಟಾ ಕುಣಿಕೆಯ) ಏಣು ಹಾಕಿ, ತುದಿ ಬದಲಿಸಿ 3.75ರಲ್ಲಿ ಮುಂದುವರಿಸಿದರೆ ಎರಡನ್ನೂ ಅಕ್ಕಪಕ್ಕ ಅಳೆಯಬಹುದು. ತೊಳೆದು ಒಣಗಿಸಿದ ಮೇಲೆ ಅಳೆಯಿರಿ, ತೊಳೆಯದ ತುಂಡಿನ ಮಾತು ನಂಬಲಾಗದು.

ಎರಡು ಬದಿಗೆ ಎರಡು ಅಳತೆ ಹಾಕುವ ಉಪಾಯವೂ ಇದೆ. ಮಟ್ಟಸವಾಗಿ ಹೆಣೆದ ಬಟ್ಟೆಯ ಹಿಂಬದಿಯಲ್ಲಿ ಸಾಲುಗಳು ಎರಡೆರಡಾಗಿ ಗುಂಪುಗೂಡಿ ನಡುವೆ ಸಂದು ಕಾಣುತ್ತಿದ್ದರೆ, ನಿಮ್ಮ ಪರ್ಲ್ ಸಾಲು ನಿಟ್ (ಸೀದಾ) ಸಾಲಿಗಿಂತ ಸಡಿಲ ಎಂದರ್ಥ. ಹೊಸ ಕುಣಿಕೆ ಎಷ್ಟು ದೊಡ್ಡದು ಎಂದು ತೀರ್ಮಾನಿಸುವುದು ಬಲಗೈಯ ಕಡ್ಡಿ. ಮಟ್ಟಸ ಹೆಣಿಗೆಯಲ್ಲಿ ಒಂದು ತುದಿ ಎಲ್ಲ ನಿಟ್ ಸಾಲುಗಳಿಗೂ ಇನ್ನೊಂದು ತುದಿ ಎಲ್ಲ ಪರ್ಲ್ ಸಾಲುಗಳಿಗೂ ಬಲಗೈಗೆ ಬರುತ್ತದೆ. ಪರ್ಲ್ ಬದಿಗೆ ಕಾಲು ಅಥವಾ ಅರ್ಧ ಮಿ.ಮೀ. ಸಣ್ಣ ತುದಿ ಹಾಕಿದರೆ ಬಟ್ಟೆ ಒಂದೇ ಸಮ ಬರುತ್ತದೆ. ಸುತ್ತಾಗಿ ಬಿಗಿಯಾಗಿ ಹೆಣೆಯುವವರು ಎಡಗೈಗೆ ಮಾತ್ರ ಸಣ್ಣ ತುದಿ ಹಾಕಿಕೊಂಡರೆ ಗೇಜ್ ಬದಲಾಗದೆ ಕುಣಿಕೆಗಳು ಸಲೀಸಾಗಿ ಜಾರುತ್ತವೆ. ಕಾಯಂ ಕಡ್ಡಿಯಲ್ಲಿ ಇದು ಸಾಧ್ಯವೇ ಇಲ್ಲ. ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಗೆ ದುಡ್ಡು ಹಾಕಲು ಇದೊಂದೇ ಕಾರಣ ಸಾಕು.

4. ಗುಣಾಕಾರಕ್ಕೆ ಮರುಳಾಗಬೇಡಿ

ಎಂಟು ದಪ್ಪ, ನಾಲ್ಕು ಉದ್ದ, ಅಂದರೆ 32 ಕಾಯಂ ಕಡ್ಡಿಗಳಿಗೆ ಸಮ ಎಂದು ಸೆಟ್ ಮಾರುವವರು ಲೆಕ್ಕ ತೋರಿಸುತ್ತಾರೆ. ಲೆಕ್ಕ ತಪ್ಪಲ್ಲ, ಆದರೆ 32 ಕಡ್ಡಿ ಯಾರಿಗೆ ಬೇಕು? ಮೊದಲ ಹಂತದ ಹಾಳೆಯನ್ನು ತೆಗೆದು, ದಪ್ಪ ಮತ್ತು ಉದ್ದದ ಯಾವ ಯಾವ ಜೋಡಿಗಳನ್ನು ನಿಜವಾಗಿ ಬಳಸಿದ್ದೀರಿ ಎಂದು ಎಣಿಸಿ. ಬಹುತೇಕ ಐದೋ ಆರೋ ಬರುತ್ತದೆ. ಅವುಗಳಲ್ಲಿ ನಿಮ್ಮ ಬಳಿ ಈಗಾಗಲೇ ಇರುವುದನ್ನು ಕಳೆಯಿರಿ. ಉಳಿದದ್ದನ್ನು ಕಾಯಂ ಕಡ್ಡಿಯಾಗಿ ಕೊಂಡರೆ ಎಷ್ಟಾಗುತ್ತದೆ, ಬಿಡಿ ತುದಿ ಮತ್ತು ಕೇಬಲ್ ಆಗಿ ಕೊಂಡರೆ ಎಷ್ಟು, ಪೂರ್ತಿ ಸೆಟ್ ಆದರೆ ಎಷ್ಟು ಎಂದು ಮೂರು ಮೊತ್ತ ಬರೆದುಕೊಳ್ಳಿ. ನಡುವಿನದೇ ಅಗ್ಗ ಎಂದು ತೋರುವ ಸಂಭವ ಹೆಚ್ಚು.

ಈ ಲೆಕ್ಕದಲ್ಲಿ ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ಸೆಟ್ಟಿನಲ್ಲಿ ಪ್ರತಿ ದಪ್ಪದ್ದೂ ಒಂದೇ ಜೊತೆ. 4 ಮಿ.ಮೀ.ನ ಎರಡು ಕೆಲಸ ಒಟ್ಟಿಗೆ ನಡೆಸುವ ಅಭ್ಯಾಸವಿದ್ದರೆ ಒಂದನ್ನು ಕೇಬಲ್ಲಿನ ಮೇಲೆ ಮಲಗಿಸಬೇಕು, ಇಲ್ಲವೇ ಆ ದಪ್ಪದ ಇನ್ನೊಂದು ಜೊತೆ ಕೊಳ್ಳಬೇಕು. ಸೆಟ್ ಕೊಂಡೆನೆಂದು ಹಳೆಯ ಕಾಯಂ ಕಡ್ಡಿಗಳನ್ನು ಯಾರಿಗೂ ಕೊಟ್ಟುಬಿಡಬೇಡಿ.

5. ನಂಬರ್ ಅಲ್ಲ, ಮಿಲಿಮೀಟರ್

ಹಳೆಯ ಬ್ರಿಟಿಷ್ ನಂಬರಿನಲ್ಲಿ ಸಂಖ್ಯೆ ಹೆಚ್ಚಿದಂತೆ ಕಡ್ಡಿ ಸಣ್ಣದಾಗುತ್ತದೆ, ಅಮೆರಿಕದ ನಂಬರಿನಲ್ಲಿ ದಪ್ಪವಾಗುತ್ತದೆ. ಬ್ರಿಟಿಷ್ 8 ಎಂದರೆ 4 ಮಿ.ಮೀ., ಅಮೆರಿಕದ 8 ಎಂದರೆ 5. ಬ್ರಿಟಿಷ್ 10 ಎಂದರೆ 3.25, ಅಮೆರಿಕದ 10 ಎಂದರೆ 6. ಹಿರಿಯರಿಂದ “ಹತ್ತನೇ ನಂಬರ್ ಕಡ್ಡಿ” ಎಂದು ಕಲಿತವರು ಅಮೆರಿಕದ ಗುರುತಿನ ಸೆಟ್ ತರಿಸಿಕೊಂಡರೆ ಎಡವುವುದು ಇಲ್ಲೇ. ಸೆಟ್ಟಿನ ಒಳಗಿರುವ ಅಳತೆಗಳನ್ನು ಮಿ.ಮೀ.ನಲ್ಲಿ ಓದಿ ನಿಮ್ಮ ಹಾಳೆಯ ಜೊತೆ ಹೋಲಿಸಿ. 6.5, 8 ಮಿ.ಮೀ. ಇರುವ ಸೆಟ್ ಕೊಂಡು ತೆಳು ನೂಲಿನಲ್ಲೇ ಹೆಣೆಯುವವರಿಗೆ ಅರ್ಧ ಪೆಟ್ಟಿಗೆ ದಂಡ.

6. ಉದ್ದದ ತಕರಾರು

ಕೇಬಲ್ಲಿನ ಉದ್ದವನ್ನು ಎಲ್ಲ ಕಂಪನಿಗಳೂ ಒಂದೇ ರೀತಿ ಬರೆಯುವುದಿಲ್ಲ. ನಿಟ್‌ಪ್ರೋ (ಉತ್ತರ ಅಮೆರಿಕದಲ್ಲಿ ನಿಟರ್ಸ್ ಪ್ರೈಡ್ ಎಂಬ ಹೆಸರಿನಲ್ಲಿ ಬಂದದ್ದೂ ಇದೇ) ತನ್ನ ಕೇಬಲ್ ಮೇಲೆ ಕಡ್ಡಿಗಳೂ ಸೇರಿದ ಒಟ್ಟು ಉದ್ದ ಬರೆಯುತ್ತದೆ. ಅದರ 60 ಸೆಂ.ಮೀ. ಕೇಬಲ್ ಅಳೆದರೆ ಸುಮಾರು 35 ಸೆಂ.ಮೀ. ಮಾತ್ರ ಇರುತ್ತದೆ, ಅದು ಮೋಸವಲ್ಲ. ಚಿಯಾವ್‌ಗೂ (ChiaoGoo) ಎಂಬ ಕಂಪನಿ ಬರೆಯುವುದು ಬರೀ ಕೇಬಲ್ಲಿನ ಉದ್ದ. ಅದರ 22 ಇಂಚಿನ ಕೇಬಲ್ಲಿಗೆ 5 ಇಂಚಿನ ಎರಡು ಕಡ್ಡಿ ಸೇರಿದಾಗ 32 ಇಂಚು, ಅಂದರೆ ಸುಮಾರು 80 ಸೆಂ.ಮೀ. ಆಗುತ್ತದೆ.

ಕಡ್ಡಿಯ ಉದ್ದವೂ ಮುಖ್ಯ. ಟೋಪಿಗೆ 40 ಸೆಂ.ಮೀ. ಬೇಕು. ಮಾಮೂಲಿ 5 ಇಂಚಿನ ಎರಡು ಕಡ್ಡಿಗಳೇ 25 ಸೆಂ.ಮೀ. ನುಂಗಿದರೆ ಕೇಬಲ್ಲಿಗೆ ಉಳಿಯುವುದು 15. ಅಷ್ಟರಲ್ಲಿ ಅದು ಬಾಗಿ ಸುತ್ತು ಬರಲು ಒದ್ದಾಡುತ್ತದೆ. ಟೋಪಿ, ಮಕ್ಕಳ ಸ್ವೆಟರ್ ಹೆಚ್ಚು ಹೆಣೆಯುವವರು 4 ಇಂಚಿನ ಗಿಡ್ಡ ಕಡ್ಡಿಗಳನ್ನೇ ನೋಡಬೇಕು. ಅಂಗೈ ದೊಡ್ಡದಿದ್ದು ಕಡ್ಡಿಯನ್ನು ಪೂರ್ತಿ ಹಿಡಿಯುವವರಿಗೆ ಗಿಡ್ಡ ಕಡ್ಡಿ ಕೈ ನೋವು ತರಬಹುದು. ಅಂಥವರು 5 ಇಂಚಿನದೇ ಇಟ್ಟುಕೊಂಡು ಟೋಪಿಯನ್ನು ಮ್ಯಾಜಿಕ್ ಲೂಪ್‌ನಲ್ಲಿ ಹೆಣೆಯುವುದು ಒಳ್ಳೆಯದು.

7. ಜೋಡಣೆ ನೋಡಿ, ಬಣ್ಣ ಆಮೇಲೆ

ಈ ಕಡ್ಡಿಗಳ ಪ್ರಾಣವೂ ಜೋಡಣೆಯಲ್ಲಿದೆ, ರೋಗವೂ ಅಲ್ಲೇ. ಹೆಚ್ಚಿನವು ತಿರುಪಿನವು: ಕೇಬಲ್ಲನ್ನು ಕಡ್ಡಿಯೊಳಗೆ ತಿರುಗಿಸಿ, ಕೀ ತೂರಿಸಿ ಕೊನೆಯ ಬಿಗಿ ಕೊಡಬೇಕು. ಆಡಿ ಕ್ಲಿಕ್ ಎಂಬ ಸೆಟ್ಟಿನದು ಒತ್ತಿ ತಿರುಗಿಸಿದರೆ ಬೀಗ ಬೀಳುವ ಪದ್ಧತಿ, ಕೀ ಬೇಡ. ಹೆಣೆಯುವಾಗ ಕಡ್ಡಿಯನ್ನು ಬೆರಳಲ್ಲಿ ಉರುಳಿಸುವ ಅಭ್ಯಾಸ ನಿಮಗಿದ್ದರೆ ತಿರುಪು ಮೆಲ್ಲಗೆ ಸಡಿಲವಾಗುತ್ತದೆ. ಸಡಿಲವಾದ ಸಂದಿಗೆ ನೂಲು ಸಿಕ್ಕಿ ಸೀಳುತ್ತದೆ, ಇನ್ನೂ ಗಮನಿಸದಿದ್ದರೆ ಕಡ್ಡಿ ಕಳಚಿ ಕುಣಿಕೆಗಳು ಸುರಿಯುತ್ತವೆ. ಇಂಥವರಿಗೆ ಬೀಗದ ಪದ್ಧತಿ ಒಗ್ಗಬಹುದು.

ಒಂದು ಕಂಪನಿಯ ತಿರುಪು ಇನ್ನೊಂದಕ್ಕೆ ಕೂರುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ. ಒಂದೇ ಕಂಪನಿಯೊಳಗೂ ಭೇದಗಳಿವೆ. ಚಿಯಾವ್‌ಗೂ ತನ್ನ ಕೇಬಲ್‌ಗಳನ್ನು ಮಿನಿ, ಸ್ಮಾಲ್, ಲಾರ್ಜ್ ಎಂದು ಮೂರು ಗಾತ್ರ ಮಾಡಿದೆ. ಸ್ಮಾಲ್‌ನಲ್ಲಿ 2.75ರಿಂದ 5 ಮಿ.ಮೀ., ಲಾರ್ಜ್‌ನಲ್ಲಿ 5.5ರಿಂದ 10. 5ರಿಂದ 5.5ಕ್ಕೆ ಹಾರಬೇಕೆಂದರೆ ಕೇಬಲ್ಲೂ ಬದಲಾಗಬೇಕು, ಇಲ್ಲವೇ ಅಡಾಪ್ಟರ್ ಬೇಕು. ನಿಮ್ಮ ಹಾಳೆಯಲ್ಲಿ ಆ ಎರಡು ಅಳತೆಗಳು ಒಂದೇ ಉಡುಪಿಗೆ ಬರುತ್ತವೆಯೇ ನೋಡಿಕೊಳ್ಳಿ. ಮೊದಲು ಕೊಂಡ ಕಂಪನಿಗೆ ನೀವು ಬಹುಕಾಲ ಕಟ್ಟುಬೀಳುತ್ತೀರಿ. ಆದ್ದರಿಂದ ಬಿಡಿ ತುದಿ, ಬಿಡಿ ಕೇಬಲ್ ಸುಲಭವಾಗಿ ಸಿಗದ ಕಂಪನಿಯ ಸೆಟ್ ಎಷ್ಟೇ ಅಗ್ಗವಿದ್ದರೂ ಬೇಡ. ಒಂದು ತುದಿ ಮುರಿದರೆ ಜೊತೆಯೇ ಹೋದಂತೆ.

ಕಡ್ಡಿ ಯಾವುದರದ್ದು ಎಂಬುದು ನೂಲಿಗೆ ಸೇರಿದ ವಿಷಯ. ರೇಷ್ಮೆ, ಬಿದಿರಿನಂಥ ಜಾರುವ ನೂಲಿಗೆ ಮರ ಅಥವಾ ಬಿದಿರಿನ ಕಡ್ಡಿ ಹಿಡಿತ ಕೊಡುತ್ತದೆ. ಒರಟು ಉಣ್ಣೆಗೆ ಲೋಹ ವೇಗ ಕೊಡುತ್ತದೆ. ನಿಕಲ್ ಮುಟ್ಟಿದರೆ ಚರ್ಮ ಕೆರೆಯುವವರು ನಿಕಲ್ ಲೇಪದ ಕಡ್ಡಿಯಿಂದ ದೂರವಿದ್ದು ಮರದ್ದನ್ನು ಆರಿಸಿಕೊಳ್ಳಲಿ.

8. ಮೊದಲು ಚೂರು ಕೊಳ್ಳಿ

ಇಷ್ಟಾದ ಮೇಲೂ ಬೇಕೆನ್ನಿಸಿದರೆ ನೀವು ಅತಿ ಹೆಚ್ಚು ಬಳಸುವ ಎರಡು ದಪ್ಪದ ತುದಿಗಳು, ಎರಡು ಕೇಬಲ್, ಇಷ್ಟೇ ಕೊಂಡು ಒಂದು ಪೂರ್ತಿ ಉಡುಪು ಹೆಣೆಯಿರಿ. ಟೋಪಿಯಲ್ಲಿ ಏನೂ ಗೊತ್ತಾಗುವುದಿಲ್ಲ, ಸ್ವೆಟರೇ ಆಗಬೇಕು.

ಕೊಂಡ ದಿನವೇ ಜೋಡಣೆಯ ಮೇಲೆ ಉಗುರು ಎಳೆದು ನೋಡಿ, ತಡೆಯಬಾರದು. ಆಮೇಲೆ ನಿಮ್ಮ ಅತಿ ತೆಳು ನೂಲಿನ ಒಂದು ಎಳೆಯನ್ನು ಎರಡೂ ದಿಕ್ಕಿಗೆ ಅದರ ಮೇಲೆ ಜಾರಿಸಿ. ಎಲ್ಲಾದರೂ ಕಚ್ಚಿಕೊಂಡರೆ ವಾಪಸ್ ಕೊಡಿ. ಹೆಣೆಯುವಾಗ ಮೂರು ಸಂಗತಿ ಗಮನಿಸಿ: ತಿರುಪು ಎಷ್ಟು ಸಲ ಸಡಿಲವಾಯಿತು, ಕುಣಿಕೆಗಳು ಕೇಬಲ್ಲಿನಿಂದ ಕಡ್ಡಿಗೆ ಹತ್ತುವಾಗ ತಳ್ಳಬೇಕಾಯಿತೇ, ಕೇಬಲ್ ಸುರುಳಿಯಾಗಿ ಕಾಟ ಕೊಟ್ಟಿತೇ. ಮೂರನೆಯದಕ್ಕೆ ಮದ್ದುಂಟು, ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ ನೇರ ಮಾಡಿದರೆ ಪ್ಲಾಸ್ಟಿಕ್ ಕೇಬಲ್ ಮೆತ್ತಗಾಗುತ್ತದೆ. ಮೊದಲಿನ ಎರಡಕ್ಕೆ ಮದ್ದಿಲ್ಲ, ಬೇರೆ ಕಂಪನಿ ನೋಡಬೇಕು.

ಆ ಸ್ವೆಟರ್ ಮುಗಿಯುವಷ್ಟರಲ್ಲಿ “ಇನ್ನೊಂದು ಅಳತೆ ಇದ್ದಿದ್ದರೆ” ಎಂದು ಎಷ್ಟು ಸಲ ಅನ್ನಿಸಿತೋ ಅದೇ ನಿಮ್ಮ ಉತ್ತರ. ಪೂರ್ತಿ ಸೆಟ್ಟಿನ ಅಳತೆಗಳಲ್ಲಿ ಮೂರನೇ ಎರಡು ಭಾಗವಾದರೂ ನಿಮ್ಮ ಹಾಳೆಯಲ್ಲಿದ್ದರೆ ಸೆಟ್ ಕೊಳ್ಳಿ. ಇಲ್ಲದಿದ್ದರೆ ಬೇಕಾದಾಗ ಒಂದೊಂದೇ ಜೊತೆ ಸೇರಿಸುತ್ತ ಹೋಗಿ.

9. ಕೊಂಡ ಮೇಲೆ

ಕೀ ಇಲ್ಲದೆ ಬರಿಗೈಯಲ್ಲಿ ಬಿಗಿದದ್ದು ನಿಲ್ಲುವುದಿಲ್ಲ. ರಬ್ಬರಿನ ತುಂಡಿನಿಂದ ಕಡ್ಡಿ ಹಿಡಿದು, ಇನ್ನೊಂದು ಕೈಯಲ್ಲಿ ಕೀ ತಿರುಗಿಸಿ. ಪ್ರತಿಸಲ ಹೆಣಿಗೆ ಕೈಗೆತ್ತಿಕೊಂಡಾಗ ಒಮ್ಮೆ ಮುಟ್ಟಿ ನೋಡಿ. ಅಂಟು ಮಾತ್ರ ಹಾಕಬೇಡಿ, ಆಮೇಲೆ ಅದು ಕಾಯಂ ಕಡ್ಡಿಯೇ. ಕಡ್ಡಿಯ ಮೇಲಿನ ಅಳತೆಯ ಗುರುತು ಕಾಲಕ್ರಮೇಣ ಅಳಿಸುತ್ತದೆ, ಆದ್ದರಿಂದ ತೂತುಗಳಿರುವ ಅಳತೆ ಪಟ್ಟಿಯೊಂದು ಜೊತೆಗಿರಲಿ. ಅರ್ಧಕ್ಕೆ ನಿಲ್ಲಿಸಿದ ಕೆಲಸವನ್ನು ಕೇಬಲ್ಲಿನ ಮೇಲೆ ಮಲಗಿಸಿ ತುದಿಗಳನ್ನು ಬೇರೆಡೆಗೆ ಒಯ್ಯುವಾಗ, ಎರಡು ಬದಿಗೂ ಯಾವ ಅಳತೆಯ ತುದಿ ಇತ್ತು ಎಂದು ಚೀಟಿ ಬರೆದು ಮುಚ್ಚಳದ ಪಕ್ಕಕ್ಕೆ ಕಟ್ಟಿ. ತಿಂಗಳುಗಳು ಕಳೆದ ಮೇಲೆ ಬಟ್ಟೆ ನೋಡಿ 3.75 ಇತ್ತೋ 4 ಇತ್ತೋ ಎಂದು ಹೇಳುವುದು ಪಳಗಿದ ಕಣ್ಣಿಗೂ ಆಗದು.